ಒಂದೊಂದೇ ಕೌದಿ ತೆಗೆದು

ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕರ್ಧ ನನ್ನ ಕಾಲ ಮೇಲೆ ಮಲಗಿ ಎರೆಸಿಕೊಂಡಿವೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹ್ಞೂಂ, ಸ್ವಲ್ಪ ಜಂಬವೂ ಇದೆ ಅನ್ನಿ. ಬೆಟಗೇರಿಯಲ್ಲಿ ನನ್ನದು ಜಂಪರ್, ಅಂದರೆ ರವಿಕೆ, ಹೊಲಿಯುವ ಕಸುಬು. ಮಷಿನ್ನಿನ ಮುಂದೆ ಕೂರುವುದು ಹೊಟ್ಟೆಗಾಗಿ, ಕೂಸಿಗೆ ನೀರು ಹಾಕುವುದು ಮನಸ್ಸಿಗಾಗಿ. ನೋಡಿಲ್ಲದವರಿಗೆ ಹೇಳುತ್ತೇನೆ: ಬಚ್ಚಲಲ್ಲಿ ನೆಲಕ್ಕೆ ಕೂತು, ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿ, ಎರಡೂ ಕಾಲು ಜೋಡಿಸಿ ಮುಂದಕ್ಕೆ ಚಾಚಬೇಕು. ಆ ಕಾಲುಗಳ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತೀಡಿ, ಹದವಾದ ಬಿಸಿನೀರು ಎರೆಯಬೇಕು. ಕೂಸು ಮೊದಲು ಊರಿಗೆಲ್ಲ ಕೇಳುವಂತೆ ಅಳುತ್ತದೆ. ಆಮೇಲೆ ಬೆನ್ನಿಗೆ ನೀರು ಬಿದ್ದಾಗ ಕಣ್ಣು ಅರ್ಧ ಮುಚ್ಚಿ ಸುಮ್ಮನಾಗುತ್ತದೆ. ಆ ಸುಮ್ಮನಾಗುವುದಿದೆಯಲ್ಲ, ಅದಕ್ಕಾಗಿಯೇ ನಾನು ಕರೆದವರ ಮನೆಗೆಲ್ಲ ಹೋಗುತ್ತಿದ್ದೆ.

ಎಲ್ಲ ಕೆಟ್ಟಿದ್ದು ಪಕ್ಕದ ಮನೆಯ ಮುಮ್ತಾಜಳ ಮೊಮ್ಮಗನಿಗೆ ಎರೆಯುತ್ತಿದ್ದ ದಿನ. ಮುಮ್ತಾಜ್ ಬಳೆ ವ್ಯಾಪಾರ ಮಾಡುವವಳು, ನನಗಿಂತ ಸ್ವಲ್ಪ ಚಿಕ್ಕವಳು, ನನ್ನನ್ನು ಅಕ್ಕಾ ಎನ್ನುತ್ತಾಳೆ. ಅವತ್ತು ಹುಡುಗನಿಗೆ ಕೊನೆಯ ತಂಬಿಗೆ ನೀರು ಹಾಕುವ ಹೊತ್ತಿಗೆ ನನ್ನ ಬಲ ಮೊಣಕಾಲಿನಲ್ಲಿ ದಬ್ಬಣ ಚುಚ್ಚಿದಂತಾಯಿತು. ಕಾಲು ಮಡಚಲು ಹೋದೆ, ಮಡಚಲಿಲ್ಲ. ಗೋಡೆಗೆ ಕೈ ಊರಿ ಏಳಲು ಹೋದೆ, ಮೈ ಏಳಲಿಲ್ಲ. ಅಷ್ಟರಲ್ಲಿ ಕೂಸು ಎಣ್ಣೆಯ ಮೈಯಲ್ಲಿ ಜಾರಿ ಒಂದು ಮಗ್ಗುಲಿಗೆ ವಾಲಿತು. ನಾನು ಎರಡೂ ಕೈಯಿಂದ ಅವುಚಿ ಹಿಡಿದುಕೊಂಡೆ.

"ಯಾ ಅಲ್ಲಾ! ಅಕ್ಕಾ, ಏಳಬ್ಯಾಡ. ಮೊದ್ಲ ಕೂಸಿನ್ನ ನನ್ನ ಕೈಯಾಗ ಕೊಡು" ಎಂದು ಮುಮ್ತಾಜ್ ಓಡಿ ಬಂದಳು.

ಕೂಸಿಗೆ ಏನೂ ಆಗಲಿಲ್ಲ. ಆದರೆ ನನ್ನನ್ನು ಎಬ್ಬಿಸಲು ಮುಮ್ತಾಜ್, ಅವಳ ಸೊಸೆ, ಸಾಲದ್ದಕ್ಕೆ ಬೀದಿಯಲ್ಲಿ ಹಾಲು ಹಾಕಲು ಬಂದವಳು, ಮೂವರೂ ಸೇರಬೇಕಾಯಿತು. ರಟ್ಟೆಗೆ ಇಬ್ಬರು, ಸೊಂಟಕ್ಕೆ ಒಬ್ಬರು. ಒಬ್ಬರಾದರೂ ನಗಬೇಕೋ ಬೇಡವೋ? ನಗಲಿಲ್ಲ. ನಕ್ಕಿದ್ದರೆ ನಾನೂ ಏನಾದರೂ ಅಂದು ಮನೆಗೆ ಬರುತ್ತಿದ್ದೆ. ಅವರು ಸುಮ್ಮನಿದ್ದುದು ನನ್ನನ್ನು ಅಲ್ಲೇ ಕೊಂದಿತು.

ಮರುದಿನ ನೀರು ಕಾಯುವ ಹೊತ್ತಿಗೆ ಸೆರಗು ಸಿಕ್ಕಿಸಿಕೊಂಡು ಹೊರಟರೆ ಮುಮ್ತಾಜ್ ತನ್ನ ಬಾಗಿಲಲ್ಲೇ ನಿಂತಿದ್ದಳು. "ಇವತ್ತ ನಾನ ಹಾಕಿಬಿಟ್ಟೆ ಅಕ್ಕಾ. ನೀ ಯಾಕ ದಣೀತಿ?" ಎಂದಳು. ಅವಳು ಮಾಡಿದ್ದು ಸರಿಯಾಗಿಯೇ ಇತ್ತು. ಅದಕ್ಕೇ ನನಗೆ ಇನ್ನೂ ಜಾಸ್ತಿ ಸಿಟ್ಟು ಬಂತು. ಮನೆಗೆ ಬಂದು ಆ ದಿನ ಯಾರದೋ ಜಂಪರಿನ ತೋಳನ್ನು ತಿರುಗಾಮುರುಗಾ ಹೊಲಿದು, ಆಮೇಲೆ ಬಿಚ್ಚುತ್ತ ಕೂತೆ.

ಅದೇ ವಾರ ಮುಂಡರಗಿಯಿಂದ ನನ್ನ ಮಗಳು ರೂಪಾಳ ಫೋನು ಬಂತು. ಮದುವೆಯಾಗಿ ವರ್ಷಗಟ್ಟಲೆ ಕಾದು, ದೇವರಿಗೆಲ್ಲ ಹೇಳಿಕೊಂಡು, ಕೊನೆಗೆ ಹೇಳಿಕೊಳ್ಳುವುದನ್ನೂ ಬಿಟ್ಟಿದ್ದ ಹುಡುಗಿ.

"ಅವ್ವಾ, ನೀ ಅಜ್ಜಿ ಆಗಾಕತ್ತಿ" ಎಂದಳು. ಇಬ್ಬರೂ ಫೋನಿನಲ್ಲೇ ಅತ್ತೆವು. ಮೂಗು ಒರೆಸಿಕೊಂಡು ಅವಳು ಮತ್ತೆ ಹೇಳಿದಳು: "ಈಗ ಹೇಳಿಬಿಡ್ತೇನಿ, ಕೂಸಿಗೆ ನೀನ ಎರೀಬೇಕು. ಊರ ಮಂದಿ ಕೂಸಿಗೆಲ್ಲಾ ಎರದಿ. ನಂದಕ್ಕ ಆಗೂದುಲ್ಲ ಅಂದ್ರ ನಾ ಕೇಳಾಕಿ ಅಲ್ಲ."

"ಹ್ಞೂಂನವ್ವಾ, ನಾನ ಎರೀತೇನಿ" ಎಂದುಬಿಟ್ಟೆ. ಫೋನಿಟ್ಟ ಮೇಲೆ ನನ್ನ ಮೊಣಕಾಲನ್ನು ನೋಡಿಕೊಂಡೆ. ಅದು ಊದಿಕೊಂಡು ನನ್ನನ್ನೇ ನೋಡುತ್ತಿತ್ತು. ಆ ಕೂಸು ಬರುವುದರೊಳಗೆ ನಾನು ನೆಲಕ್ಕೆ ಕೂರಬೇಕು, ಕೂತು ಯಾರ ಕೈಯನ್ನೂ ಹಿಡಿಯದೆ ಏಳಬೇಕು. ನನಗೆ ಬೇರೇನೂ ಬೇಕಿರಲಿಲ್ಲ. ಸಣ್ಣಗಾಗಬೇಕು, ಚಂದ ಕಾಣಬೇಕು ಎಂಬ ಆಸೆಯ ವಯಸ್ಸೂ ಅದಲ್ಲ.

ಗದಗಿನ ಆಸ್ಪತ್ರೆಗೆ ಯಜಮಾನರ ಜೊತೆ ಹೋದೆ. ಕಾಯುವ ಜಾಗದಲ್ಲಿ ಸಾಲಾಗಿ ಕುರ್ಚಿಗಳು, ಪ್ರತಿಯೊಂದಕ್ಕೂ ಎರಡೂ ಕಡೆ ಕಬ್ಬಿಣದ ಕೈ. ಕೂರಲು ಹೋಗಿ, ಆ ಕೈಗಳ ನಡುವೆ ನಾನು ಹಿಡಿಸುವುದಿಲ್ಲ ಎಂದು ತಿಳಿದು, ಬೆನ್ನುನೋವು ಇದ್ದವಳಂತೆ ಗೋಡೆಗೆ ಒರಗಿ ನಿಂತೆ. ಮೂಲೆಯ ಬೆಂಚಿನ ಮೇಲಿದ್ದ ಮುದುಕಿಯೊಬ್ಬಳು ಎಲ್ಲವನ್ನೂ ನೋಡಿದ್ದಳು. ತನ್ನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಜಾಗ ಮಾಡಿದಳು.

"ಬಾ ತಂಗಿ, ಇಲ್ಲಿ ಕುಂಡ್ರು. ಆ ಕುರ್ಚಿ ಮಾಡಿದಾವಗ ತಾಯಿ ಇರಲಿಲ್ಲ ಕಾಣಸ್ತೈತಿ" ಎಂದಳು. ಹೊಂಬಳ ಎಂಬ ಊರಿನವಳಂತೆ. ಯಾವ ಊರು ಎಂದು ಕೇಳುವ ಧಾಟಿಯಲ್ಲೇ "ನಿಂದೇನು, ಸಕ್ರಿ ಜಡ್ಡೋ, ಮೊಣಕಾಲೋ?" ಎಂದು ವಿಚಾರಿಸಿದಳು. ಇನ್ನೂ ಗೊತ್ತಿಲ್ಲ ಎಂದೆ. "ನಂದು ಎರಡೂ ಐತಿ. ಅಂಜಬ್ಯಾಡ. ಅಂಜಿದ್ರ ಅದು ಮತ್ತಷ್ಟು ಏರತೈತಿ" ಎಂದು ನನ್ನ ಕೈ ಮೇಲೆ ತನ್ನ ಕೈ ಇಟ್ಟಳು. ನನ್ನ ಸರದಿ ಬರುವವರೆಗೂ ಆ ಕೈ ಹಾಗೆಯೇ ಇತ್ತು. ಅವಳ ಹೆಸರು ಕೇಳಲು ಮರೆತೆ, ಅದೊಂದು ಹಳಹಳಿ ಉಳಿದಿದೆ.

ಡಾಕ್ಟರು ನನ್ನ ಮಗಳ ವಯಸ್ಸಿನವರು. ರಕ್ತ ನೋಡಿದರು, ಮೊಣಕಾಲಿನ ಫೋಟೋ ನೋಡಿದರು. ಸಕ್ಕರೆ ಏರಿದೆ, ಮೊಣಕಾಲು ಸವೆದಿದೆ, ಗುಳಿಗೆ ಬರೆದಿದ್ದೇನೆ ಎಂದರು. "ತೂಕ ಇಳಿಸ್ರಿ ಅಮ್ಮಾರ, ಅದು ಇಳೀಲಿಲ್ಲ ಅಂದ್ರ ನನ್ನ ಗುಳಿಗಿ ಅರ್ಧಾ ಕೆಲಸಾ ಅಷ್ಟ ಮಾಡತಾವ" ಎಂದರು. ಅಟ್ಟದ ಮೇಲಿನ ಡಬ್ಬಿ ಇಳಿಸಿ ಎಂದಷ್ಟು ಸಲೀಸಾಗಿ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ನೆಲಕ್ಕೆ ಕೂತು ಕೂಸಿಗೆ ಎರೆಯಬಹುದೇ ಎಂದು ಕೇಳಿದೆ. "ಈಗ ಬ್ಯಾಡ. ಇಳದ ಮ್ಯಾಲೆ ನೋಡೂಣು" ಎಂದರು. ಆ 'ನೋಡೂಣು' ಒಂದನ್ನೇ ಸೆರಗಿಗೆ ಕಟ್ಟಿಕೊಂಡು ಹೊರಗೆ ಬಂದೆ.

ಆಟೋದಲ್ಲಿ ಯಜಮಾನರು ಗುಳಿಗೆಯ ಚೀಟಿ ಹಿಡಿದು ಕೂತಿದ್ದರು. ಅವರು ಅಡತಿ ಅಂಗಡಿಯಲ್ಲಿ ರೈತರ ಮಾಲಿನ ಚೀಲಗಳನ್ನು ಕಾಟಾದ ಮೇಲಿಟ್ಟು ತೂಗುವ ಕೆಲಸದವರು. ಶೇಂಗಾ, ಹತ್ತಿ, ಜೋಳ, ಯಾವುದೇ ಚೀಲವನ್ನು ಕಣ್ಣಲ್ಲೇ ನೋಡಿ ತೂಕ ಹೇಳಬಲ್ಲರು. ನನ್ನ ಸಿಟ್ಟನ್ನು ಯಾರ ಮೇಲಾದರೂ ಹಾಕಬೇಕಿತ್ತು, ಅವರ ಮೇಲೆ ಹಾಕಿದೆ.

"ಊರ ಮಾಲಿಗೆಲ್ಲಾ ತೂಕಾ ಹಾಕ್ತೀರಿ. ಮನ್ಯಾಗಿನ ಹೇಣ್ತಿ ತೂಕಾ ಏರೇತಿ ಅಂತ ಒಂದ ದಿನರ ಹೇಳಬಾರದಿತ್ತ?"

ಅವರು ರಸ್ತೆ ನೋಡುತ್ತಲೇ ಹೇಳಿದರು: "ನೀ ಏನ್ ಶೇಂಗಾ ಚೀಲೇನ, ಕಾಟಾ ಮ್ಯಾಲೆ ನಿಂದ್ರಿಸಿ ನೋಡಾಕ?"

ನಗುವೂ ಬಂತು, ಅಳುವೂ ಬಂತು. ಆಟೋದವನು ಕನ್ನಡಿಯಲ್ಲಿ ನೋಡಿ ಗಾಬರಿಯಾದ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಎರಡೂ ಬರುವುದಿಲ್ಲ. ದಿನವೆಲ್ಲ ಮಷಿನ್ನಿನ ಮುಂದೆ ಕೂರುವುದು, ಮಧ್ಯಾಹ್ನ ಅನ್ನ ಮಿಕ್ಕಿತಲ್ಲ ಎಂದು ಅದನ್ನೂ ಉಣ್ಣುವುದು, ಸಂಜೆ ಯಜಮಾನರು ತರುವ ಮಿರ್ಚಿ ಭಜಿ ತಿನ್ನುವುದು. ಈ ಭಜಿಯ ವಿಷಯ ಹೇಳಲೇಬೇಕು. ಅವರು ಪ್ರೀತಿಯ ಮಾತು ಆಡುವ ಮನುಷ್ಯರಲ್ಲ. ಮದುವೆಯಾದಾಗಿನಿಂದ ಸಂಜೆ ಬರುವಾಗ ಪೇಪರಿನಲ್ಲಿ ಸುತ್ತಿದ ಬಿಸಿ ಭಜಿ ತಂದು ಮಷಿನ್ನಿನ ಮೇಲಿಡುತ್ತಾರೆ, ಅಷ್ಟೇ. ನಮ್ಮ ಮನೆಯಲ್ಲಿ ಜಗಳ ಮುಗಿಯಿತು ಎಂಬುದಕ್ಕೂ ಅದೇ ಗುರುತು, ಸಂಬಳ ಬಂತು ಎಂಬುದಕ್ಕೂ ಅದೇ. ನಾನು ಭಜಿ ಬೇಡ ಎಂದ ದಿನ ಅವರು ಬರಿಗೈಯಲ್ಲಿ ಬಂದು, ಹೊಸ್ತಿಲಲ್ಲಿ ನಿಂತು, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿನಲ್ಲಿಟ್ಟುಕೊಂಡರು. ಮೂರ್ನಾಲ್ಕು ದಿನ ಹೀಗೇ ನಡೆಯಿತು. ಆಮೇಲೊಂದು ಸಂಜೆ ಮಷಿನ್ನಿನ ಮೇಲೆ ಮತ್ತೆ ಪೇಪರಿನ ಪೊಟ್ಟಣ ಬಂತು. ಬಯ್ಯಬೇಕೆಂದು ಬಾಯಿ ತೆರೆದೆ. ಬಿಚ್ಚಿದರೆ ಹಕ್ಕರಕಿ ಸೊಪ್ಪು, ಎರಡು ಎಳೆ ಸೌತೆಕಾಯಿ. "ರೊಟ್ಟಿಗೂಡ ಹಸೀದ ತಿನ್ನು" ಎಂದು ಹೇಳಿ ಕೈಕಾಲು ತೊಳೆಯಲು ಹೋದರು. ಅಂದಿನಿಂದ ಇಂದಿನವರೆಗೆ ಆ ಪೊಟ್ಟಣ ತಪ್ಪಿಲ್ಲ.

ಇನ್ನು ಕೌದಿಯ ಮಾತು. ವ್ಯಾಯಾಮ ಹೇಳಿಕೊಡಲು ಆಸ್ಪತ್ರೆಯಲ್ಲಿ ಒಬ್ಬ ಹುಡುಗಿ ಇದ್ದಳು. ಎತ್ತರದ ಕುರ್ಚಿಯ ಮೇಲೆ ಕೂತು ಕೈ ಊರದೆ ಏಳಬೇಕು, ಅದು ಸಲೀಸಾದ ಮೇಲೆ ಅದಕ್ಕಿಂತ ತಗ್ಗಿನದರ ಮೇಲೆ, ಹಾಗೆ ಇಳಿಯುತ್ತ ಹೋಗಬೇಕು ಎಂದಳು. ನಮ್ಮ ಮನೆಯಲ್ಲಿ ಅಷ್ಟು ತರಹದ ಸ್ಟೂಲು ಎಲ್ಲಿವೆ? ಕೌದಿ ಇವೆ. ಹಳೆ ಸೀರೆ, ಜಂಪರಿನ ತುಂಡುಗಳನ್ನು ಜೋಡಿಸಿ ನಾನೇ ಹೊಲಿದ ದಪ್ಪ ಕೌದಿಗಳು. ಎಲ್ಲವನ್ನೂ ಒತ್ತಿ ಮಡಚಿ, ಗೋಡೆಗೆ ಹೊಂದಿಸಿ ಒಂದರ ಮೇಲೊಂದು ಒಟ್ಟಿದೆ. ಮೊಣಕಾಲಿನ ಎತ್ತರಕ್ಕೆ ಬಂತು. ಬೆಳಿಗ್ಗೆ, ಸಂಜೆ ಅದರ ಮೇಲೆ ಕೂರುವುದು, ಏಳುವುದು. ಏಳುವುದು ಸುಲಭವಾದ ಮೇಲೆ ಒಂದು ಕೌದಿ ತೆಗೆದು ಟ್ರಂಕಿಗೆ ಹಾಕುವುದು. ನನ್ನ ಪಾಲಿಗೆ ತೂಕದ ಯಂತ್ರ ಅದೇ ಆಯಿತು. ಆಸ್ಪತ್ರೆಯ ಕಾಟಾ ಒಂದು ವಾರ ಇಳಿದರೆ ಒಂದು ವಾರ ಮುನಿಸಿಕೊಂಡು ನಿಲ್ಲುತ್ತಿತ್ತು. ಕೌದಿ ಹಾಗಲ್ಲ. ಅದನ್ನು ತೆಗೆದರೆ ತೆಗೆದ ಹಾಗೆ, ನೆಲ ಅಷ್ಟು ಹತ್ತಿರ ಬಂದ ಹಾಗೆ.

ಯಜಮಾನರು ಒಮ್ಮೆ ಮೆಲ್ಲಗೆ ಹೇಳಿ ನೋಡಿದರು: "ಈಗ ಕೂಸಿಗೆ ಪ್ಲಾಸ್ಟಿಕ್ ಟಬ್ ಬರತಾವಂತಲ್ಲ. ನಿಂತಕೊಂಡ ಎರೀಬಹುದಂತ."

"ಹಂಗಾರ ನಿಮ್ಮ ಶೇಂಗಾನೂ ಕಣ್ಣಾಗ ತೂಗಿ ಕಳಿಸ್ರಿ, ಕಾಟಾ ಯಾಕ ಬೇಕು?" ಎಂದೆ. ಟಬ್ಬಿನ ಮಾತು ಅಲ್ಲಿಗೆ ಮುಗಿಯಿತು.

ಬೆಳಿಗ್ಗೆ ನಡೆಯಲು ಮುಮ್ತಾಜ್ ಜೊತೆಯಾದಳು. ನಾನು ಕರೆದಿರಲಿಲ್ಲ, ಅವಳ ಮೇಲಿನ ಸಿಟ್ಟು ಇನ್ನೂ ಇತ್ತು. ಅವಳೇ ಚಪ್ಪಲಿ ಮೆಟ್ಟಿಕೊಂಡು ಬಂದು "ನನಗೂ ಹೊಟ್ಟಿ ಬಂದೈತಿ, ನಡಿ" ಎಂದಳು. ಆ ಹೆಂಗಸಿಗೆ ಹೊಟ್ಟೆ ಎಂಬುದೇ ಇಲ್ಲ. ಮೊದಮೊದಲು ಓಣಿಯ ತುದಿಗೆ ಹೋಗಿ ಬರುವುದರಲ್ಲಿ ನನಗೆ ಏದುಸಿರು. ಆಮೇಲೆ ಮಾರ್ಕೆಟ್ಟಿನವರೆಗೆ, ಇನ್ನೂ ಆಮೇಲೆ ಕೆರೆಯ ದಂಡೆಯವರೆಗೆ. ನಡೆಯುವಾಗ ಅವಳು ಊರ ಖಬರನ್ನೆಲ್ಲ ಹೇಳುತ್ತಿದ್ದಳು. ಯಾರದೋ ಮನೆಯ ಜಗಳದ ಕಥೆಯನ್ನು ಸರಿಯಾದ ಜಾಗದಲ್ಲಿ ನಿಲ್ಲಿಸಿ "ಉಳಿದದ್ದು ಆ ಬೇವಿನಗಿಡದ ಹತ್ರ" ಎನ್ನುತ್ತಿದ್ದಳು. ಕಥೆಯ ಆಸೆಗೆ ಆ ಗಿಡದವರೆಗೂ ನಡೆಯುತ್ತಿದ್ದೆ.

ತಿಂಗಳುಗಳು ಕಳೆದವು. ನನ್ನ ಜಂಪರುಗಳ ಮಗ್ಗುಲ ಹೊಲಿಗೆಯನ್ನು ಒಂದೊಂದಾಗಿ ಒಳಗೆ ಹಿಡಿಯುತ್ತ ಬಂದೆ. ಒಟ್ಟಿದ ಕೌದಿಗಳು ಅರ್ಧಕ್ಕೆ ಇಳಿದವು. ಆಗ ಬಂದರು ನೋಡಿ, ಮಾತಾಡಿಸುವವರು.

ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಲು ಹೋಗುವುದು ಒಂದು ರಿವಾಜು. ಹೋಗದಿದ್ದರೆ ಮುಂದೆ ಹತ್ತು ವರ್ಷ ಅನ್ನಿಸಿಕೊಳ್ಳಬೇಕು. ನಾನು ಸೊರಗಿದ್ದು ಕಂಡು ಬಂಧು ಬಳಗದಲ್ಲೆಲ್ಲ ಸುದ್ದಿ ಹಬ್ಬಿತು: ಗಿರಿಜಾಗ ದೊಡ್ಡ ಜಡ್ಡಾಗೇತಿ, ಮನಿಯವರು ಮುಚ್ಚಿ ಇಟ್ಟಾರ. ನಾವು ಬೇಕೆಂದೇ ಸೊರಗುತ್ತೇವೆ ಎಂದರೆ ಯಾರು ನಂಬುತ್ತಾರೆ? ಬ್ರೆಡ್ಡು, ಬಾಳೆಹಣ್ಣು, ಬಿಸ್ಕೀಟು ಹಿಡಿದು ಒಬ್ಬೊಬ್ಬರೇ ಬರತೊಡಗಿದರು. ಶಿರಹಟ್ಟಿಯಿಂದ ಬಂದ ಯಜಮಾನರ ಚಿಕ್ಕಪ್ಪ ಒಂದು ತಾಸು ಕೂತು, ತಮ್ಮ ಊರಲ್ಲಿ ಹೀಗೆಯೇ ಸೊರಗಿ ಸೊರಗಿ ಸತ್ತವರ ಹೆಸರನ್ನೆಲ್ಲ ಹೇಳಿ, ಧೈರ್ಯ ತುಂಬಿ ಹೋದರು.

ಕೊನೆಗೆ ಲಕ್ಷ್ಮೇಶ್ವರದ ಬಸ್ಸಿಳಿದು ಶಿಗ್ಲಿಯ ನನ್ನ ಅಕ್ಕ ಬಂದಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಇವಳೇ. ಹೊಸ್ತಿಲಲ್ಲಿ ನನ್ನ ಕೊರಳೆಲುಬು ಕಂಡಿದ್ದೇ ತಡ, ಸೆರಗು ಬಾಯಿಗೆ ಇಟ್ಟುಕೊಂಡಳು.

"ಏನರ ಇರಲಿ, ನನ್ನ ಮುಂದ ಮುಚ್ಚಬ್ಯಾಡ. ಡಾಕ್ಟರ ಎಷ್ಟ ದಿನಾ ಅಂದಾರ?"

"ಯಕ್ಕಾ, ನನಗ ಏನೂ ಆಗಿಲ್ಲ. ನಾನ ಇಳಿಸೇನಿ. ರೂಪಾನ ಕೂಸಿಗೆ ಎರೀಬೇಕಲ್ಲ, ಅದಕ್ಕ."

"ಬೇಕಂತ ಯಾರರ ಸೊರಗತಾರೇನ ಹುಚ್ಚಿ? ಬಾಯಿ ತಗಿ" ಎಂದವಳೇ ಸ್ಟೀಲಿನ ಡಬ್ಬಿಯಿಂದ ಅಂಟಿನ ಉಂಡಿ ತೆಗೆದು ನನ್ನ ಬಾಯಿಗೆ ಇಟ್ಟಳು. ಒಣಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪ. ಬಾಣಂತಿಗೆ ಮಾಡುವ ಉಂಡಿಯನ್ನು ಅವಳು ನನಗಾಗಿ ಮಾಡಿಕೊಂಡು, ಅಳುತ್ತ ಬಸ್ಸಿನಲ್ಲಿ ತಂದಿದ್ದಳು. ಬೇಡ ಎನ್ನುವ ಬಾಯಿ ಯಾರಿಗಿದೆ? ತಿಂದೆ. ಅವಳು ಮರುದಿನ ಊರಿಗೆ ಹೋದಳು, ಡಬ್ಬಿ ಉಳಿಯಿತು. ಮಷಿನ್ನು ತುಳಿಯುತ್ತ ಒಂದು, ಗುಂಡಿ ಹಚ್ಚುತ್ತ ಒಂದು. ಡಬ್ಬಿಯ ತಳ ಕಂಡಾಗಲೇ ಎಚ್ಚರವಾಗಿದ್ದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆಸ್ಪತ್ರೆಗೆ ಹೋದರೆ ಸಕ್ಕರೆ ಮತ್ತೆ ಏರಿತ್ತು. ಮೊಣಕಾಲೂ ಮತ್ತೆ ಊದಿತು. ಟ್ರಂಕಿನಿಂದ ಎರಡು ಕೌದಿಗಳನ್ನು ತೆಗೆದು ಮತ್ತೆ ಗೋಡೆಯ ಹತ್ತಿರ ಒಟ್ಟುವಾಗ ನನ್ನ ಮೇಲೆ ನನಗೇ ಹೇಸಿಗೆ ಬಂತು.

ನಡೆಯಲು ಹೋಗುವುದನ್ನೇ ಬಿಟ್ಟೆ. ಉಮೇದು ಹೋಗುವುದು ಹೇಗೆ ಎಂದು ಯಾರಾದರೂ ಕೇಳಿದರೆ ಹೇಳಬಲ್ಲೆ. ದೊಡ್ಡ ಸದ್ದೇನೂ ಮಾಡುವುದಿಲ್ಲ. ಇವತ್ತು ತಲೆ ಭಾರ, ನಾಳೆ ನೀರು ಬರುವ ದಿನ, ನಾಡಿದ್ದು ಗಿರಾಕಿಗಳ ಅವಸರ. ಮುಮ್ತಾಜ್ ಬಾಗಿಲು ಬಡಿದರೆ ಒಳಗಿನಿಂದಲೇ "ನೀ ಹೋಗವಾ" ಎನ್ನುತ್ತಿದ್ದೆ. ಯಜಮಾನರು ಎತ್ತರವಾದ ಕೌದಿಗಳನ್ನು ನೋಡಿದರು, ಸೊಪ್ಪಿನ ಪೊಟ್ಟಣವನ್ನು ಎಂದಿನಂತೆ ಮಷಿನ್ನಿನ ಮೇಲೆ ಇಟ್ಟರು. ನಾನು ಅದನ್ನು ಬಿಚ್ಚದೆ ಹಾಗೆಯೇ ಬಾಡಲು ಬಿಟ್ಟೆ.

ಒಂದು ಬೆಳಿಗ್ಗೆ ಮುಮ್ತಾಜ್ ಬಾಗಿಲು ಬಡಿಯಲಿಲ್ಲ, ಸೀದಾ ಒಳಗೆ ಬಂದಳು. ಬಂದು ಕೌದಿಗಳ ಮೇಲೆ ಕೂತಳು.

"ನೀ ಏಳೂತನಕಾ ನಾನೂ ಏಳೂದುಲ್ಲ" ಎಂದಳು.

"ನನ್ನ ಕೈಲೆ ಆಗೂದುಲ್ಲ ಮುಮ್ತಾಜ್. ರೂಪಾಗ ಹೇಳಿಬಿಡ್ತೇನಿ, ಬ್ಯಾರೆ ಯಾರನ್ನರ ನೋಡು ಅಂತ."

ಅವಳು ಬಳೆ ಸರಿಮಾಡಿಕೊಂಡಳು. "ಆವತ್ತ ನಿನ್ನನ್ನ ಬಾಗಲದಾಗ ತಡದ್ನೆಲ್ಲ, ಆವತ್ತಿನಿಂದ ಎರಿಯೂವಾಗ ನಮ್ಮ ಹುಡುಗ ಸುಮ್ಮಾಗಿಲ್ಲ ಅಕ್ಕಾ. ಬೆನ್ನಿಗೆ ನೀರ ಹಾಕಿದ್ರೂ ಅಳ್ತಾನ, ಮುಗಿಯೂತನಕಾ ಅಳ್ತಾನ. ನಿನ್ನ ಕಾಲ ಮ್ಯಾಲೆ ಹೆಂಗ ಮಕ್ಕೊಂಡಿರ್ತಿದ್ದ ನೋಡು. ನಿನಗ ಹೇಳಾಕ ನನಗ ಬಾಯಿ ಬರಲಿಲ್ಲ. ನಿನ್ನ ಕೈ ಕೆಟ್ಟಿಲ್ಲ ಅಕ್ಕಾ, ಮೊಣಕಾಲಷ್ಟ ಕೆಟ್ಟೈತಿ."

ಇಬ್ಬರೂ ಕಣ್ಣೊರೆಸಿಕೊಂಡೆವು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದೆ. ಉಮೇದು ಮನೆಯೊಳಗೆ ತಾನಾಗಿ ಹುಟ್ಟುತ್ತದೆ ಎಂದು ನಾನು ಕಾಯುತ್ತಿದ್ದೆ. ನನ್ನದು ಹೊರಗಿನಿಂದ ಬಂದು ನನ್ನ ಕೌದಿಯ ಮೇಲೆ ಕೂತು ಹಟ ಮಾಡಿತು. ನಿಮಗೂ ಯಾರಾದರೂ ಹಾಗೆ ಬಂದು ಕೂತರೆ ಅವರನ್ನು ಎಬ್ಬಿಸಿ ಕಳಿಸಬೇಡಿ. ಯಾರೂ ಬರದಿದ್ದರೆ ನೀವೇ ಹೋಗಿ ಯಾರದಾದರೂ ಬಾಗಿಲು ಬಡಿಯಿರಿ, ಅವರಿಗೂ ಅದು ಬೇಕಾಗಿರುತ್ತದೆ.

ಕುಬಸದ ಕಾರ್ಯ, ಅಂದರೆ ಸೀಮಂತ, ಮುಗಿಸಿ ರೂಪಾಳನ್ನು ಮುಂಡರಗಿಯಿಂದ ಕರೆತಂದಾಗ ಗೋಡೆಯ ಹತ್ತಿರ ಎರಡು ಕೌದಿ ಉಳಿದಿದ್ದವು. ಹೆರಿಗೆಗೆ ಇನ್ನೂ ದಿನಗಳಿವೆ, ಸಾಕು ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ನನ್ನದು, ಕೂಸು ಅದನ್ನು ಕೇಳಲಿಲ್ಲ. ಎಂಟು ತುಂಬುವ ಮೊದಲೇ ರೂಪಾಗೆ ನೋವು ಬಂತು.

ಹೆಣ್ಣು ಕೂಸು. ತೀರಾ ಸಣ್ಣದು. ಹುಟ್ಟಿದ ಕೂಡಲೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ನನ್ನ ಅಂಗೈಯಷ್ಟಿದ್ದ ಬೆನ್ನು, ಮೂಗಿಗೆ ನಳಿಕೆ. ರೂಪಾ ಮಂಚದ ಮೇಲಿನಿಂದ "ಅವ್ವಾ, ಅಕಿ ಉಳೀತಾಳಲಾ?" ಎಂದು ಕೇಳಿದಳು. "ಉಳೀತಾಳವ್ವಾ" ಎಂದೆ. ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತೆ. ಎರೆಯುವುದು, ಕೂರುವುದು, ಏಳುವುದು, ಯಾವುದೂ ನನಗೆ ಬೇಡವಾಗಿತ್ತು. ದೇವರೇ, ನನ್ನ ಮೊಣಕಾಲನ್ನು ತಗೋ, ಕೂಸನ್ನು ಉಳಿಸು ಎಂದು ಬೇಡಿಕೊಂಡೆ.

ದಿನಾ ಬೆಳಿಗ್ಗೆ ನರ್ಸಮ್ಮ ಕೂಸನ್ನು ಪುಟ್ಟ ಕಾಟಾದ ಮೇಲೆ ಇಡುತ್ತಿದ್ದರು. ಯಜಮಾನರು ಗಾಜಿನ ಈಚೆ ನಿಂತು ನೋಡುತ್ತಿದ್ದರು. ಜೀವನವೆಲ್ಲ ಚೀಲದ ತೂಕವನ್ನು ದೊಡ್ಡ ದನಿಯಲ್ಲಿ ಕೂಗಿದವರು ಇಲ್ಲಿ ಪಿಸುದನಿಯಲ್ಲಿ ಬಂದು ಹೇಳುತ್ತಿದ್ದರು. ಗ್ರಾಮಿನ ಲೆಕ್ಕ ನನಗೆ ತಿಳಿಯುವುದಿಲ್ಲ ಎಂದು ಅವರದೇ ಲೆಕ್ಕ: "ಇವತ್ತ ಒಂದ ಹಿಡಿ ಶೇಂಗಾದಷ್ಟ ಏರ್ಯಾಳ." ಮರುದಿನ "ಇವತ್ತ ನಾಕೈದ ಕಾಳ ಅಷ್ಟ." ಏರದ ದಿನ ಬಂದು ನನ್ನ ಪಕ್ಕ ಕೂರುತ್ತಿದ್ದರು. ಆ ದಿನಗಳಲ್ಲಿ ನಾನು ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದೆ. ಸುಮ್ಮನೆ ಕೂತರೆ ತಲೆ ಕೆಟ್ಟುಹೋಗುತ್ತಿತ್ತು. ಆ ಕೂಸು ಏರಬೇಕು, ನಾನು ಇಳಿಯಬೇಕು, ಇಬ್ಬರಿಗೂ ಒಂದೇ ಕೆಲಸ ಎಂದು ಯಾವಾಗಲೋ ಅನ್ನಿಸಿತು. ಗಾಜಿನ ಹತ್ತಿರ ಹೋಗಿ "ನೀ ನಿಂದು ಮಾಡು, ನಾ ನಂದು ಮಾಡ್ತೇನಿ" ಎಂದು ಅದಕ್ಕೆ ಹೇಳಿದೆ. ನರ್ಸಮ್ಮ ಕೇಳಿಸಿಕೊಂಡು ನಕ್ಕರು.

ಕೂಸು ಮಾತು ಉಳಿಸಿಕೊಂಡಿತು. ಮನೆಗೆ ಕಳಿಸುವಾಗ ಕೂಸಿನ ಡಾಕ್ಟರಮ್ಮ ನನಗೇ ಬೆರಳು ತೋರಿಸಿ ಹೇಳಿದರು: "ಅಜ್ಜಿ, ಈಗ್ಲೇ ಎರಿಯಾಕ ಕುಂಡ್ರಬ್ಯಾಡ್ರಿ. ಬರೇ ಒದ್ದಿ ಅರಬಿಲೆ ಒರಸ್ರಿ. ಇನ್ನಷ್ಟ ಮೈ ಹಿಡೀಲಿ, ನಾನ ಹೇಳ್ತೇನಿ." ಬೇರೆ ಸಮಯದಲ್ಲಾದರೆ, ಊರ ಕೂಸುಗಳಿಗೆಲ್ಲ ಎರೆದವಳಿಗೆ ಬುದ್ಧಿ ಹೇಳುತ್ತೀರಾ ಎಂದು ಜಗಳಕ್ಕೆ ನಿಲ್ಲುತ್ತಿದ್ದೆನೇನೋ. ಈಗ ಶಾಲೆಯ ಹುಡುಗಿಯಂತೆ ತಲೆಯಾಡಿಸಿದೆ. ನನಗೂ ದಿನಗಳು ಬೇಕಾಗಿದ್ದವು.

ಮನೆಯಲ್ಲಿ ಕೂಸು ಹಾಲು ಕುಡಿದು ಮಲಗಿದಾಗ ನಾನು ಕೌದಿಯ ಮೇಲೆ ಕೂತು ಏಳುತ್ತಿದ್ದೆ. ರೂಪಾ ಮಂಚದ ಮೇಲಿಂದ ನೋಡುತ್ತ "ಅವ್ವಾ, ಬೆನ್ನ ಬಾಗಿಸಬ್ಯಾಡ" ಎಂದು ತಿದ್ದುತ್ತಿದ್ದಳು. ಎರಡಿದ್ದದ್ದು ಒಂದಾಯಿತು. ಒಂದು ದಿನ ಆ ಕೊನೆಯದನ್ನೂ ತೆಗೆದೆ. ಬರಿ ನೆಲ. ಮೊದಲ ಸಲ ಕೂತಾಗ ಹೆದರಿಕೆಗೆ ಬೆವರು ಬಂತು. ಗೋಡೆ ಹಿಡಿದು ಎದ್ದೆ. ಆಮೇಲಿನ ದಿನಗಳಲ್ಲಿ ಗೋಡೆಯನ್ನೂ ಬಿಟ್ಟು, ಒಂದು ಮಗ್ಗುಲಿಗೆ ಹೊರಳಿ, ಎಡ ಮೊಣಕಾಲು ಊರಿ, ಮೆಲ್ಲಗೆ ಏಳುವುದನ್ನು ಕಲಿತೆ. ತೆಗೆದ ಆ ಕೌದಿಯನ್ನು ಒಗೆದು ಬಿಸಿಲಿಗೆ ಹಾಕಿದೆ. ಹಳೆಯ ಸೀರೆಗಳ ಮೆತ್ತನೆಯ ಕೌದಿ, ಕೂಸಿನ ಕೆಳಗೆ ಹಾಸಲು ಸರಿಹೋಯಿತು.

ಡಾಕ್ಟರಮ್ಮ ಹ್ಞೂಂ ಎಂದ ಮರುದಿನ ಬೆಳಿಗ್ಗೆ ಬಚ್ಚಲ ಒಲೆ ಹೊತ್ತಿಸಿದೆ. ಕೂಸನ್ನು ಎತ್ತಿಕೊಳ್ಳಲು ಮುಮ್ತಾಜ್ ಮೆತ್ತನೆಯ ಅರಿವೆ ಹಿಡಿದು ಬಾಗಿಲಲ್ಲಿ ನಿಂತಳು. ಅವಳ ಹಿಂದೆ ರೂಪಾ. ರೂಪಾಳ ಹಿಂದೆ, ಗಂಡಸರಿಗೆ ಇಲ್ಲೇನು ಕೆಲಸ ಎಂದು ಬೈಸಿಕೊಂಡರೂ ಹೋಗದೆ, ಯಜಮಾನರು.

ನೆಲಕ್ಕೆ ಕೂತೆ. ಸೀರೆ ಸರಿಸಿ ಕಾಲು ಚಾಚಿದೆ. ರೂಪಾ ಕೂಸನ್ನು ತಂದು ಕಾಲ ಮೇಲೆ ಮಲಗಿಸಿದಳು. ಎಷ್ಟು ಹಗುರ ಆ ಜೀವ! ಎಣ್ಣೆಯನ್ನು ಒತ್ತದೆ, ತಿಕ್ಕದ ಹಾಗೆ ಸವರಿದೆ. ಕೂಸು ಕೈಕಾಲು ಬಡಿದು, ಮುಖ ಕೆಂಪಗೆ ಮಾಡಿ, ಆ ಗಾಜಿನ ಪೆಟ್ಟಿಗೆಯ ಸಿಟ್ಟನ್ನೆಲ್ಲ ಸೇರಿಸಿ ಅತ್ತಿತು. ಬೋರಲು ಮಲಗಿಸಿ, ಮೊಣಕೈಗೆ ಹಾಕಿ ನೋಡಿದ ನೀರನ್ನು ತಂಬಿಗೆಯಿಂದ ಸಣ್ಣಗೆ ಬೆನ್ನ ಮೇಲೆ ಬಿಟ್ಟೆ. ಒಂದು ಸಲ ಬಿಕ್ಕಿತು. ಆಮೇಲೆ ನನ್ನ ಕಾಲಿಗೆ ಕೆನ್ನೆ ಹಚ್ಚಿ, ಕಣ್ಣು ಅರ್ಧ ಮುಚ್ಚಿ, ಸುಮ್ಮನಾಯಿತು.

ಬಾಗಿಲಲ್ಲಿ ರೂಪಾ ಮೂಗು ಎಳೆದುಕೊಂಡಿದ್ದು ಕೇಳಿಸಿತು.

ಎರೆದು ಮುಗಿಸಿ ಕೂಸನ್ನು ಮುಮ್ತಾಜಳ ಕೈಗೆ ಕೊಟ್ಟೆ. ಅವಳು ಅರಿವೆಯಲ್ಲಿ ಸುತ್ತಿ ರೂಪಾಳ ಮಡಿಲಿಗೆ ಹಾಕಿ, ನನ್ನ ಹತ್ತಿರ ಓಡಿ ಬಂದಳು. ನಾನು ಹಾಗೆಯೇ ಕೂತಿದ್ದೆ. ಕಾಲು ಒದ್ದೆಯಾಗಿದ್ದವು, ಕೂಸು ಮಲಗಿದ್ದ ಜಾಗ ಇನ್ನೂ ಬೆಚ್ಚಗಿತ್ತು. ಬಚ್ಚಲ ಒಲೆಯ ಹೊಗೆ, ಎಣ್ಣೆಯ ವಾಸನೆ, ಕಿಟಕಿಯ ಬಿಸಿಲು. ಇವತ್ತಿಗೂ ಸಕ್ಕರೆಯ ಗುಳಿಗೆ ನುಂಗುತ್ತೇನೆ, ಚಳಿಗೆ ಮೊಣಕಾಲು ಗೊಣಗುತ್ತದೆ, ಅವೆಲ್ಲ ಇದ್ದದ್ದೇ. ಆದರೆ ಆ ಬೆಳಿಗ್ಗೆ ನನಗೆ ಜಗತ್ತಿನಲ್ಲಿ ಏನೂ ಕಡಿಮೆ ಇರಲಿಲ್ಲ.

ಮುಮ್ತಾಜ್ ಒಂದು ರಟ್ಟೆಗೆ ಕೈ ಹಾಕಿದಳು. ಯಜಮಾನರು ಗಾಬರಿಯಿಂದ ಒಳಗೇ ಬಂದುಬಿಟ್ಟರು.

"ಯಾಕ, ಏಳಾಕ ಆಗವಲ್ದೇನ?" ಎಂದು ಕೈ ಚಾಚಿದರು.

"ಸರಕೊಳ್ರಿ ಅತ್ತಾಗ" ಎಂದೆ. "ಏಳಾಕ ಆಗತೈತಿ. ಅದಕ್ಕ ಕುಂತೇನಿ."